ಚಕ್ಕಡಿಯ ಬೆನ್ನು

ಬನದ ಹುಣ್ಣಿಮೆಗೆ ಕೌಜಲಗಿಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಚಕ್ಕಡಿಯೆಂದರೆ ಗಾಲಿಯ ಮೇಲಿನ ಮನೆಯೇ ಸರಿ. ಬಿದಿರು ಬಾಗಿಸಿ ತಾಡಪತ್ರಿ ಹೊದಿಸುತ್ತಾರೆ. ಮೇವು ಹರವಿ ಕೌದಿ ಹಾಸುತ್ತಾರೆ. ನೀರಿನ ಕೊಡ ಅಲುಗದಂತೆ ಬಿಗಿಯುತ್ತಾರೆ. ಈ ಜಾಣ್ಮೆಗೆ ನಾನೂ ತಲೆದೂಗುವವನೇ. ಆದರೆ ಇಷ್ಟೆಲ್ಲ ಮಾಡಿದ ಕೈ, ಹಿಂದೆ ಬರುವ ವಾಹನದ ಬೆಳಕನ್ನೇ ಹಿಂದಿರುಗಿಸುವ ಒಂದು ಕೆಂಪು ಪಟ್ಟಿಯನ್ನು ಹಿಂಬದಿಗೆ ಅಂಟಿಸಲು ಏಕೆ ಹಿಂಜರಿಯಬೇಕು? ಅದಕ್ಕೆ ಎಣ್ಣೆ ಬೇಡ, ಬ್ಯಾಟರಿ ಬೇಡ.

“ಹುಣ್ಣಿಮಿ ಬೆಳಕು ಸಾಲೂದಿಲ್ಲೇನ್ರೀ ಸರ?” ಎನ್ನುತ್ತಾರೆ. ಎತ್ತಿಗೆ ಸಾಕು, ಯರಗಟ್ಟಿಯ ದಾರಿಯಲ್ಲಿ ಧಾವಿಸುವ ಲಾರಿಗೆ ಸಾಲದು. “ಯಲ್ಲಮ್ಮ ಕಾಯ್ತಾಳ” ಎನ್ನುತ್ತಾರೆ. ಗಾಲಿಗೆ ಎಣ್ಣೆ ಹಾಕುವುದನ್ನು ಯಾರೂ ಅವಳಿಗೆ ಬಿಡುವುದಿಲ್ಲವಲ್ಲ!

ಕೂಸುಗಳು ಮಲಗಿರುವುದು ಆ ಹಿಂಬದಿಯಲ್ಲಿಯೇ. ಸುಧಾರಣೆ ಅಲ್ಲಿಂದ ಮೊದಲಾಗಲಿ.