ಆಕಾಶದ ಸಂಗತಿಗಳು: ಕಾಣದುದನ್ನು ತೂಗಿದ ಬಗೆ

ಆಶ್ವಯುಜ ಮಾಸದಲ್ಲಿ ಮೋಡಗಳು ಚದರಿದ ಮೇಲೆ, ಮುಂರಾತ್ರಿಯಲ್ಲಿ ಅಂಗಳಕ್ಕೆ ಬಂದು ನೋಡಿದರೆ, ನೆತ್ತಿಗೆ ತುಸು ಬಡಗಲಾಗಿ ರೆಕ್ಕೆ ಚಾಚಿದ ಹಕ್ಕಿಯಂತೆ ರಾಜಹಂಸವೆಂಬ ನಕ್ಷತ್ರಪುಂಜವು ತೋರುವುದು. ಆ ದಿಕ್ಕಿನಲ್ಲಿ, ಸುಮಾರು ೭,೮೦೦ ಜ್ಯೋತಿರ್ವರ್ಷಗಳಾಚೆ, ವಿ ೪೦೪ ಸಿಗ್ನಿ ಎಂಬ ಯಮಳವೊಂದುಂಟು. ಬರಿಗಣ್ಣಿಗೆ ಅದು ಗೋಚರಿಸದಾದರೂ ಅದರ ವೃತ್ತಾಂತವು ವಾಚಕರು ತಿಳಿಯತಕ್ಕುದಾಗಿದೆ.

೧೯೩೮ರಲ್ಲಿ ಅದು ಫಕ್ಕನೆ ಬೆಳಗಿತು. ಖಗೋಳಶಾಸ್ತ್ರಜ್ಞರು ಅದನ್ನು ಸಾಮಾನ್ಯವಾದ ನವ್ಯತಾರೆಯೆಂದೆಣಿಸಿ ಪಟ್ಟಿಯಲ್ಲಿ ಸೇರಿಸಿದರು. ೧೯೮೯ರ ಮೇ ತಿಂಗಳಲ್ಲಿ ಜಪಾನೀಯರ ಗಿಂಗಾ ಎಂಬ ಕೃತಕ ಉಪಗ್ರಹವು ಅದೇ ಸ್ಥಳದಿಂದ ಪ್ರಬಲವಾದ ಕ್ಷ-ಕಿರಣಗಳು ಹೊಮ್ಮುವುದನ್ನು ಕಂಡಿತು. ಹಳೆಯ ಛಾಯಾಚಿತ್ರಗಳನ್ನು ಶೋಧಿಸಲಾಗಿ, ೧೯೫೬ರಲ್ಲಿಯೂ ಅದು ಬೆಳಗಿದ್ದುದು ತಿಳಿದುಬಂದಿತು. ಬಹುಕಾಲ ಸುಮ್ಮನಿದ್ದು ಒಮ್ಮೆಲೇ ಹೀಗೆ ಉರಿಯುವುದೇಕೆ?

ಆ ಯಮಳದಲ್ಲಿ ಒಂದು ಸೂರ್ಯನಿಗಿಂತ ಹಗುರಾದ ನಕ್ಷತ್ರ. ಮತ್ತೊಂದು ಬೆಳಕನ್ನೂ ಹೊರಬಿಡದ ಕಪ್ಪುಕುಳಿ. ಆರೂವರೆ ದಿನಕ್ಕೊಮ್ಮೆ ಅವು ಪರಸ್ಪರ ಸುತ್ತಿ ಬರುವುವು. ನಕ್ಷತ್ರದ ಅನಿಲವು ಕುಳಿಯ ಸೆಳೆತಕ್ಕೆ ಸಿಕ್ಕಿ ಹರಿದು ಬರುವುದು. ಆದರೆ ನೆಟ್ಟಗೆ ಒಳಬೀಳದೆ, ಕುಳಿಯ ಸುತ್ತ ತಟ್ಟೆಯಂತೆ ಹರಡಿ, ವರ್ಷಗಟ್ಟಲೆ ಶೇಖರವಾಗುತ್ತಿರುವುದು. ಶೇಖರವು ಹೆಚ್ಚಿದಂತೆ ಬಿಸಿಯೇರಿ, ಜಲಜನಕದ ಪರಮಾಣುಗಳು ಒಡೆಯುವಷ್ಟು ಶಾಖವುಂಟಾದೊಡನೆ, ಕೆರೆಯ ಕಟ್ಟೆ ಒಡೆದಂತೆ ಅನಿಲವು ಒಳಕ್ಕೆ ನುಗ್ಗುವುದು. ಕುಳಿಯ ಅಂಚಿನ ಬಳಿ ಅದು ಕೋಟಿ ಡಿಗ್ರಿಯಷ್ಟು ಕಾದು ಕ್ಷ-ಕಿರಣಗಳನ್ನು ಸೂಸುವುದು. ಒಂದು ಪಾಲು ಬುಗ್ಗೆಯಾಗಿ ಹೊರಕ್ಕೆ ಚಿಮ್ಮುವುದೂ ಉಂಟು. ಆದಕಾರಣ ಆ ಪ್ರಭೆಯು ಕುಳಿಯದಲ್ಲ. ಅದರೊಳಗೆ ಬೀಳಲಿರುವ ಅನಿಲದ ಕಡೆಯ ಬೆಳಕು.

ಈ ಪ್ರಭೆಯು ಕುಳಿಯಿರುವ ಎಡೆಯನ್ನು ತೋರಿತೇ ಹೊರತು ಅದರ ತೂಕವನ್ನು ತಿಳಿಸಲಿಲ್ಲ. ಅಬ್ಬರವು ಅಡಗಿದ ಬಳಿಕವೇ ಸಂಗಾತಿ ನಕ್ಷತ್ರದ ಮಂದವಾದ ಬೆಳಕು ಕಾಣಬಂದು, ಅದು ಸುತ್ತುವ ವೇಗವನ್ನು ಅಳೆಯಲು ಸಾಧ್ಯವಾಯಿತು. ೧೯೯೨ರಲ್ಲಿ ಕಸಾರೆಸ್, ಚಾರ್ಲ್ಸ್, ನೇಯ್ಲರ್ ಎಂಬವರು ಆ ವೇಗದಿಂದ ಲೆಕ್ಕ ಹಾಕಿ, ಕಾಣದ ಜೊತೆಗಾರನು ಆರು ಸೂರ್ಯರಿಗಿಂತಲೂ ಭಾರವುಳ್ಳವನೆಂದು ತೋರಿಸಿಕೊಟ್ಟರು. ಸುಮಾರು ಮೂರು ಸೂರ್ಯರ ತೂಕವನ್ನು ಮೀರಿದ ನ್ಯೂಟ್ರಾನ್ ನಕ್ಷತ್ರವು ತನ್ನ ಭಾರವನ್ನು ತಾನೇ ತಾಳಲಾರದು. ಆದ್ದರಿಂದ ಅದು ಕಪ್ಪುಕುಳಿಯೆಂಬ ನಿರ್ಣಯವು ದೃಢವಾಯಿತು. ಈಗಿನ ಎಣಿಕೆಯಂತೆ ಅದರ ತೂಕ ಸುಮಾರು ಒಂಬತ್ತು ಸೂರ್ಯರಷ್ಟು.

೨೦೧೫ರ ಜೂನ್ ೧೫ರಂದು ಅದು ೨೬ ವರ್ಷಗಳ ಮೌನವನ್ನು ಮುರಿಯಿತು. ಅದರ ಬೆಳಕು ನಿಮಿಷಗಳಲ್ಲಿ ಏರಿ ಇಳಿಯುವುದನ್ನು ಹವ್ಯಾಸಿಗಳು ಸಹ ತಮ್ಮ ಸಣ್ಣ ದೂರದರ್ಶಕಗಳಿಂದ ಕಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೊಮ್ಮೆ ಮಿನುಗಿ ಅದು ಶಾಂತವಾಯಿತು. ತಟ್ಟೆಯು ಮತ್ತೆ ತುಂಬತೊಡಗಿರುವುದು. ಇಂದು ನಮ್ಮ ಅಂಗಳದಲ್ಲಿ ರಾಜಹಂಸವನ್ನು ಗುರುತಿಸಲು ಕಲಿಯುವ ಮಗುವಿಗೆ, ಬೆಳೆದು ದೊಡ್ಡದಾದ ಕಾಲಕ್ಕೆ, ಮುಂದಿನ ಪ್ರಭೆಯನ್ನು ಕಾಣುವ ಭಾಗ್ಯವು ಒದಗಬಹುದು.