ಮೊದಲು ಮಾತ್ರೆ, ಆಮೇಲೆ ಬೀಗ

ಬಸ್ರೂರಿನ ಕೂಲಿಯವರಿಗೆ ಬಿಪಿ, ಶುಗರು ಬಂತೆಂದರೆ ತಿಂಗಳು ತಿಂಗಳು ಮಾತ್ರೆಯ ಖರ್ಚು. ಸಂಬಳದ ದಿನ ಅಕ್ಕಿಯೋ ಮಾತ್ರೆಯೋ ಎಂಬ ಲೆಕ್ಕ. ಗೆಲ್ಲುವುದು ಅಕ್ಕಿಯೇ. ಮಾತ್ರೆ ತಪ್ಪಿದವರನ್ನು ಒಂದು ದಿನ ಪಾರ್ಶ್ವವಾಯು ಮಲಗಿಸುತ್ತದೆ.

ಕೇಂದ್ರ ಸರಕಾರ 2008ರಲ್ಲಿ ಶುರು ಮಾಡಿದ ಜನೌಷಧಿ ಅಂಗಡಿಗಳಲ್ಲಿ ಇಂಥ ಮಾತ್ರೆ ಸಾಧಾರಣ ಅರ್ಧ ಬೆಲೆಗೆ, ಕೆಲವು ಇನ್ನೂ ಅಗ್ಗಕ್ಕೆ ಸಿಗುತ್ತವೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರ, ಸರಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಈ ಅಂಗಡಿಗಳನ್ನು ಮುಚ್ಚಲು ಹೊರಟಿತು. ಆಸ್ಪತ್ರೆಯಲ್ಲೇ ಔಷಧಿ ಪುಕ್ಕಟೆ ಕೊಡುವಾಗ ಬಾಗಿಲಲ್ಲಿ ಮಾರುವ ಅಂಗಡಿ ಯಾಕೆ ಎಂಬುದು ಅದರ ವಾದ. ಜುಲೈಯಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು.

ವಾದವೇನೋ ಸರಿಯೇ. ಪುಕ್ಕಟೆಗಿಂತ ಅಗ್ಗ ಯಾವುದುಂಟು? ಆದರೆ ಆ ಪುಕ್ಕಟೆ ಮಾತ್ರೆ ಕಪಾಟಿನಲ್ಲಿ ಇರಬೇಕಲ್ಲ! ಬಸ್ಸು ಹತ್ತಿ ಕುಂದಾಪುರಕ್ಕೆ ಹೋದ ಮುದುಕಿಗೆ, 'ಸ್ಟಾಕ್ ಇಲ್ಲೆ, ಹೊರ್ಗೆ ತಕಣಿ' ಎಂದರೆ ಆಕೆ ಎಂತ ಮಾಡಬೇಕು? ಅಗ್ಗದ ಅಂಗಡಿಗೂ ಬೀಗ ಬಿದ್ದರೆ ಉಳಿಯುವುದು ಪೂರ್ತಿ ಬೆಲೆಯ ಅಂಗಡಿ ಮಾತ್ರ.

ಸರಕಾರ ಮೊದಲು ಕಪಾಟು ತುಂಬಲಿ, ವರ್ಷವಿಡೀ ತುಂಬಿರಲಿ. ಪುಕ್ಕಟೆ ಸಿಕ್ಕಿದರೆ ದುಡ್ಡು ಕೊಟ್ಟು ಕೊಳ್ಳಲು ಬಡವರಿಗೇನು ಹುಚ್ಚೇ? ಆಗ ಅಂಗಡಿ ಮುಚ್ಚಲು ಆದೇಶವೂ ಬೇಡ, ಕೋರ್ಟೂ ಬೇಡ.