ಮರಿಗುದುರೆಯ ಲಸಿಕೆ ಧನಿಕರ ಗೊಡವೆಯಲ್ಲ

ಮರಿಗುದುರೆಗಳ ಶ್ವಾಸರೋಗಕ್ಕೆ ಲಸಿಕೆಯನ್ನು ಅರಸುವುದು ಪಂದ್ಯದ ಕುದುರೆಗಳನ್ನು ಸಾಕುವ ಧನಿಕರ ಗೊಡವೆಯೆಂದೂ, ಗದಗ ಸೀಮೆಗೆ ಅದರಿಂದ ಪ್ರಯೋಜನವಿಲ್ಲವೆಂದೂ ಕಳೆದ ಸಂಚಿಕೆಯ ಲೇಖಕರು ಬರೆದಿರುವುದನ್ನು ನಾನು ಒಪ್ಪಲಾರೆನು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಹೊಲಗಳಲ್ಲಿ ಹಿಂಡು ತರುಬುವ ಸಂಚಾರಿ ಕುರುಬರ ಹಾಸಿಗೆ, ಪಾತ್ರೆ, ಎಳೆಯ ಕುರಿಮರಿಗಳನ್ನು ಹೊತ್ತು ನಡೆಯುವ ಕುದುರೆಯನ್ನು ಅವರು ಕಂಡಿಲ್ಲವೆ?

ಈ ರೋಗಕ್ಕೆ ಕಾರಣವಾದ ರೋಡೊಕಾಕಸ್ ಎಕ್ವಿ ಎಂಬ ರೋಗಾಣುವನ್ನು ಸ್ವೀಡನ್ನಿನ ಮ್ಯಾಗ್ನುಸನ್ನರು 1923ರಲ್ಲಿ ಗುರುತಿಸಿದರು. ಶತಮಾನ ಕಳೆದರೂ ನೆಚ್ಚತಕ್ಕ ಲಸಿಕೆ ಬಾರದಿರುವುದೇ ಪ್ರಯತ್ನದ ವ್ಯರ್ಥತೆಗೆ ಸಾಕ್ಷಿಯೆಂದು ಆ ಲೇಖಕರು ಹೇಳುತ್ತಾರೆ. ಕಾರಣ ಬೇರೆ. ಮಣ್ಣು, ಲದ್ದಿಗಳಲ್ಲಿ ಬೆಳೆದು ಧೂಳಿನೊಡನೆ ಶ್ವಾಸಕೋಶವನ್ನು ಹೊಗುವ ಈ ಅಣುಜೀವಿಯು, ತನ್ನನ್ನು ನುಂಗಿ ನಾಶಗೊಳಿಸಬೇಕಾದ ರಕ್ಷಕಕೋಶದೊಳಗೇ ನೆಲೆಸಿ ವೃದ್ಧಿಹೊಂದುವುದರಿಂದಲೂ, ಹುಟ್ಟಿದ ಕೆಲವೇ ದಿನಗಳಲ್ಲಿ ಸೋಂಕು ತಗಲುವ ಮರಿಗೆ ಲಸಿಕೆಯಿಂದ ಬಲಗೊಳ್ಳುವಷ್ಟು ಕಾಲಾವಕಾಶವೇ ದೊರೆಯದುದರಿಂದಲೂ, ಗಬ್ಬದ ಹೆಣ್ಣುಗುದುರೆಗೆ ಲಸಿಕೆಯಿತ್ತು ಗಿಣ್ಣುಹಾಲಿನ ಮೂಲಕ ಮರಿಯನ್ನು ರಕ್ಷಿಸುವ ಮಾರ್ಗವನ್ನೂ ವಿಜ್ಞಾನಿಗಳು ಶೋಧಿಸುತ್ತ ಬಂದಿದ್ದಾರೆ.

ಔಷಧವೇ ಸಾಕೆಂಬ ಅವರ ಮಾತು ಇನ್ನೂ ಅಪಾಯಕರವಾದುದು: ಈ ರೋಗಕ್ಕೆ ಕೊಡುವ ರಿಫಾಂಪಿಸಿನ್ ಮನುಷ್ಯರ ಕ್ಷಯಕ್ಕೂ ಮದ್ದು, ಅದಕ್ಕೆ ಬಗ್ಗದ ರೋಗಾಣುಗಳು ಅಮೆರಿಕದ ಕುದುರೆಲಾಯಗಳಲ್ಲಿ ಈಗಾಗಲೇ ತಲೆಯೆತ್ತಿವೆ. ಗದಗದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿರುವಾಗ, ಕುರುಬರ ಮರಿಗುದುರೆಗಳ ಕೆಮ್ಮಿನ ಕಾರಣವನ್ನು ಅಲ್ಲಿ ಪರೀಕ್ಷಿಸಬೇಕೆಂದು ಲೇಖಕರು ಆಗ್ರಹಿಸಬೇಕಾಗಿತ್ತು.